ತಪ್ಪು ಕೈಯದೊಂದೇ ಅಲ್ಲ

ವಿಮಾನ ಹಾರಿಸಲು ಕಲಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಫೋನ್ ಮಾಡಿದ್ದ. “ಸಾರ್, ಇಳಿಸುವಾಗ ವಿಮಾನದ ಮೂಗು ಮೇಲೆ ಕೆಳಗೆ ತೂಗಾಡತೊಡಗಿತು. ನನ್ನದೇ ತಪ್ಪು, ಅದರ ಹೆಸರೇ ಹಾಗೆ ಹೇಳುತ್ತದಲ್ಲ” ಎಂದ. ಆ ಹೆಸರು ‘ಪೈಲಟ್ ಇಂಡ್ಯೂಸ್ಡ್ ಆಸಿಲೇಷನ್’, ಚಾಲಕನಿಂದುಂಟಾದ ತೂಗಾಟ. ಈ ಹೆಸರಿನ ಬಗ್ಗೆಯೇ ನನ್ನ ತಕರಾರು.

ಗೀಸರಿನ ಬಿಸಿನೀರು ಶವರಿಗೆ ಬರುವುದು ತುಸು ತಡ. ತಣ್ಣಗಿದೆಯೆಂದು ಬಿಸಿಯ ನಲ್ಲಿಯನ್ನು ಇನ್ನಷ್ಟು ತಿರುಗಿಸುತ್ತೇವೆ, ಮೈ ಸುಡುತ್ತದೆ. ಗಾಬರಿಯಿಂದ ಹಿಂದಕ್ಕೆ ತಿರುಗಿಸುತ್ತೇವೆ, ನಡುಗುತ್ತೇವೆ. ಇದರಲ್ಲಿ ಕೈಯ ಪಾಲೆಷ್ಟೋ ಕೊಳವೆಯ ಪಾಲೂ ಅಷ್ಟೇ.

1977ರ ಅಕ್ಟೋಬರ್ 26ರಂದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ನೆಲೆಯಲ್ಲಿ ‘ಎಂಟರ್‌ಪ್ರೈಸ್’ ಬಾಹ್ಯಾಕಾಶ ನೌಕೆಯನ್ನು ಇಳಿಸುತ್ತಿದ್ದವರು ಅಪೋಲೊ 13ರ ಫ್ರೆಡ್ ಹೇಯ್ಸ್. ಅನನುಭವಿ ಎನ್ನಲು ಯಾರಿಗೆ ಧೈರ್ಯ? ಆದರೂ ನೌಕೆ ತೂಗಾಡಿತು, ನೆಲಕ್ಕೆ ತಾಗಿ ಪುಟಿಯಿತು. ಅವರು ಹಿಡಿತ ಸಡಿಲಿಸಿದ ಮೇಲೆಯೇ ಸ್ಥಿಮಿತಕ್ಕೆ ಬಂದದ್ದು. ಮರುವರ್ಷ ನಾಸಾ ಎಫ್-8 ವಿಮಾನದ ನಿಯಂತ್ರಣದಲ್ಲಿ ಬೇಕೆಂದೇ ವಿಳಂಬ ಬೆರೆಸಿ ಪರೀಕ್ಷಿಸಿತು. ಕೊನೆಗೆ ತಿದ್ದಿದ್ದು ಚಾಲಕರನ್ನಲ್ಲ, ನೌಕೆಯ ತಂತ್ರಾಂಶವನ್ನು.

ಸ್ವೀಡನ್ನಿನ ಗ್ರಿಪೆನ್ ಯುದ್ಧವಿಮಾನ 1989ರಲ್ಲಿ ಲಿನ್‌ಶೋಪಿಂಗಿನಲ್ಲಿಯೂ 1993ರಲ್ಲಿ ಸ್ಟಾಕ್‌ಹೋಮಿನಲ್ಲಿಯೂ ಹೀಗೆಯೇ ಅಪಘಾತಕ್ಕೀಡಾಯಿತು. ಎರಡು ಬಾರಿಯೂ ಚಾಲಕ ಒಬ್ಬನೇ! ಬೆರಳು ತೋರಿಸುವವರಿಗೆ ಇನ್ನೇನು ಬೇಕು? ಆದರೆ ಎರಡನೆಯ ಅಪಘಾತದ ತನಿಖೆ, ಆತನ ದೊಡ್ಡ ಚಲನೆಗಳ ಜೊತೆಗೆ ಅವನ್ನು ಅತಿಯಾಗಿ ಹಿಗ್ಗಿಸಿದ ನಿಯಂತ್ರಣ ವ್ಯವಸ್ಥೆಯನ್ನೂ ಹೊಣೆಯಾಗಿಸಿತು. ಇಂಥದೊಂದು ಅಪಾಯವಿದೆಯೆಂದು ನಿರ್ಮಿಸಿದವರಿಗೆ ಗೊತ್ತಿತ್ತು. ಸಂಭವ ತೀರ ಕಡಿಮೆಯೆಂದು ಹಾರಿಸುವವನಿಗೆ ತಿಳಿಸಿರಲಿಲ್ಲ! ಪ್ರಶ್ನೆಪತ್ರಿಕೆಯೇ ತಪ್ಪಾಗಿರುವಾಗ ಮಗುವಿಗೆ ಸೊನ್ನೆ ಕೊಡುವ ಮೇಷ್ಟರನ್ನು ನಾನು ಬಲ್ಲೆ. ಒಂದೆರಡು ಸಲ ನಾನೇ ಆ ಮೇಷ್ಟರಾಗಿದ್ದೆ.

1997ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ ‘ವಿಮಾನ-ಚಾಲಕ ಜೋಡಣೆ’ ಎಂಬರ್ಥದ ಹೆಸರನ್ನು ಬಳಸಿತು. ಹಳೆಯ ಹೆಸರು ಇನ್ನೂ ಸತ್ತಿಲ್ಲ.

ತರಬೇತಿಯ ಪುಟ್ಟ ವಿಮಾನದಲ್ಲಿ ಕೈಯ ಪಾಲು ಹೆಚ್ಚೆಂಬುದನ್ನು ಒಪ್ಪುತ್ತೇನೆ. ಹಾಗಿದ್ದರೂ, ನಾಚಿ ತಲೆತಗ್ಗಿಸಿದವನಿಗಿಂತ ಲಕ್ಷಣ ಬಲ್ಲವನೇ ಬದುಕುವುದು. ಸ್ಟಿಕ್ಕನ್ನು ಮುಂದಕ್ಕೆ ಒತ್ತಿದರೂ ಮೂಗು ಏರುತ್ತಲೇ ಇದ್ದರೆ, ಪ್ರತಿ ತಿದ್ದುಪಡಿಗೂ ತೂಗಾಟ ಬೆಳೆಯುತ್ತಿದ್ದರೆ, ಬೆನ್ನಟ್ಟುವುದನ್ನು ನಿಲ್ಲಿಸಬೇಕು. ಎತ್ತರದಲ್ಲಿದ್ದರೆ ಕೈ ಸಡಿಲಿಸಿದರಾಯಿತು. ರನ್‌ವೇಯ ಮೇಲಾದರೆ ಅಷ್ಟು ಸಾಲದು. ಮೂಗನ್ನು ಒಂದೇ ನಿಲುವಿನಲ್ಲಿ ಹಿಡಿದು, ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರಬೇಕು. ಆ ಹುಡುಗ ಅಂದು ಮಾಡಿದ್ದೂ ಅದನ್ನೇ. ಒಂದು ಸುತ್ತು ಹಾಕಿ ಬಂದು ಇಳಿಸಿದನಂತೆ. ಅದನ್ನು ಮಾತ್ರ ನಾನು ಕೇಳಿದ ಮೇಲೆಯೇ ಹೇಳಿದ.