ಬೆರಳಿಗೆ ಬೈಯೋ ಮೊದಲು ಹೆದೆ ನೋಡ್ರೀ...

ಹೋದ ತಿಂಗಳು ನಮ್ಮ ಅಕ್ಕನ ಮಗ ಬಿಲ್ಲುಗಾರಿಕೆ ಬಿಟ್ಟ. ಎಂಟನೇ ಕ್ಲಾಸ್ ಹುಡುಗ. ಒಂದು ವರ್ಷದಿಂದ ಪ್ರತಿ ಭಾನುವಾರ ನವನಗರದಲ್ಲಿ ಚಿಗರಿ ಬಸ್ ಹತ್ತಿಸಿ ಅವನನ್ನ ಧಾರವಾಡಕ್ಕೆ ಕರ್ಕೊಂಡು ಹೋಗ್ತಿದ್ದವನು ನಾನೇ. ಬಿಟ್ಟ ಕಾರಣ ಕೇಳಿದ್ರೆ ನಗ್ತೀರಿ. ಅರ್ಧ ಮಿಲಿಮೀಟರ್!

ಆಗಿದ್ದಿಷ್ಟು. ಹುಡುಗ ಪೂರ್ತಿ ಎಳೆದು ನಿಂತಿದ್ದ. ಬೆರಳು ಬಿಡೋ ಹೊತ್ತಿಗೆ ಸರಿಯಾಗಿ ಬಾಣ ಹೆದೆಯಿಂದ ಕಳಚಿ ಬಿತ್ತು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ವಾಪಸ್. ಇದಕ್ಕೆ ಡ್ರೈ ಫೈರ್ ಅಂತಾರೆ. ಮೇಲಿನ ಲಿಂಬ್ ಫಟ್ ಅಂತ ಸೀಳಿತು. ಚೂರು ಕಣ್ಣಿಗೆ ಹಾರಲಿಲ್ಲ, ನಮ್ಮ ಪುಣ್ಯ. ಕೋಚ್ ಓಡಿ ಬಂದು ಮಾಡಿದ ಮೊದಲ ಕೆಲಸ ಬೈಯೋದು. "ಲಕ್ಷ್ಯ ಎಲ್ಲೈತಿ ನಿಂದು?"

ಬಸ್ಸಿನಲ್ಲಿ ಹುಡುಗ ಕಿಟಕಿ ಕಡೆ ಮುಖ ಮಾಡಿ ಹೇಳಿದ, "ಮಾಮಾ, ಬಾಣ ತಾನ ಬಿತ್ತು. ನಾ ಏನೂ ಮಾಡಿಲ್ಲ."

ಮನೆಗೆ ಬಂದು ನನ್ನ ಕಾಲೇಜಿನ ಕಾಲದ ವರ್ನಿಯರ್ ಕ್ಯಾಲಿಪರ್ ಹುಡುಕಿದೆ. ಬಾಣದ ಹಿಂತುದಿಯಲ್ಲಿ ಹೆದೆ ಕೂರೋ ಕಚ್ಚು ಇರುತ್ತಲ್ಲ, ನಾಕ್, ಅದರ ಗಾಡಿ 2.5 ಮಿಲಿಮೀಟರ್. ಹೆದೆ ನಡುವೆ ದಾರ ಸುತ್ತಿರೋ ಜಾಗ, ಅಂದ್ರೆ ಸರ್ವಿಂಗ್, ಅದರ ದಪ್ಪ 2.0. ಬಿಲ್ಲು ಒಂದು ಅಂಗಡಿಯದ್ದು, ಬಾಣ ಇನ್ನೊಂದು ಅಂಗಡಿಯದ್ದು. ಎರಡೂ ಒಳ್ಳೇ ಮಾಲೇ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಎರಡೂ ಮಾಡ್ಯೂಲ್ ಪಾಸ್, ಇಂಟಿಗ್ರೇಷನ್ ಫೇಲ್. ಆ ಟೆಸ್ಟ್ ಮಾಡಿದವರೇ ಇಲ್ಲ! ಸಾವಿರಗಟ್ಟಲೆ ದುಡ್ಡು ಎಣಿಸಿಕೊಟ್ಟ ನಾನೂ ಮಾಡಿರಲಿಲ್ಲ.

ಟೆಸ್ಟ್ ಏನು ರಾಕೆಟ್ ಸೈನ್ಸ್ ಅಲ್ಲ. ಬಾಣವನ್ನ ಹೆದೆಗೆ ಸಿಕ್ಕಿಸಿದ್ರೆ ಸಣ್ಣಗೆ ಟಿಕ್ ಅನ್ನಬೇಕು. ಬಿಲ್ಲನ್ನ ಅಡ್ಡ ಹಿಡಿದು ಬಾಣ ಕೆಳಕ್ಕೆ ಜೋತುಬಿಡಿ. ತನ್ನ ಭಾರಕ್ಕೆ ತಾನೇ ಬಿದ್ರೆ ಸಡಿಲ. ನಾಕ್ ಪಕ್ಕದಲ್ಲಿ ಹೆದೆಯನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿದಾಗ ಬಿದ್ರೆ ಸರಿ. ತಟ್ಟಿದ್ರೂ ಅಂಟಿಕೊಂಡೇ ಇದ್ರೆ ಬಿಗಿ, ಅದೂ ಕೆಟ್ಟದ್ದೇ. ಬಾಣ ಹೆದೆಯನ್ನ ಒಂದೊಂದು ಸಲ ಒಂದೊಂದು ಥರ ಬಿಡುತ್ತೆ, ಗುರಿ ಮೇಲೆ ಕೆಳಗೆ ಚದುರುತ್ತೆ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರದ ಹತ್ತು ಅಂಕದ ವೃತ್ತ ಬರೀ 12.2 ಸೆಂಟಿಮೀಟರ್ ಅಗಲ. ಅಲ್ಲಿ ಇಂಥ ಬಾಣ ಏನು ಮಾಡೀತು?

ಇನ್ನು ರಿಪೇರಿ. ನಾಕನ್ನ ಹಲ್ಲಲ್ಲಿ ಕಚ್ಚಿ ಬಿಗಿ ಮಾಡೋ ಮಹನೀಯರಿದ್ದಾರೆ, ಅರದಿಂದ ಉಜ್ಜಿ ಸಡಿಲ ಮಾಡೋರೂ ಇದ್ದಾರೆ. ಬಿರುಕು ಬಿಟ್ಟ ನಾಕ್ ಹೆದೆ ಮೇಲೇ ಒಡೆದ್ರೆ ಮತ್ತೆ ಅದೇ ಡ್ರೈ ಫೈರ್. ಸುಧಾರಿಸಬೇಕಾದ್ದು ಹೆದೆಯನ್ನ. ಸಡಿಲ ಇದ್ರೆ ಸರ್ವಿಂಗ್ ಬಿಚ್ಚಿ ದಪ್ಪ ದಾರ ಸುತ್ತಿ, ಇಲ್ಲಾ ಒಳಗೆ ಒಂದೆರಡು ಎಳೆ ಸೇರಿಸಿ ಸುತ್ತಿ. ಬಿಗಿ ಇದ್ರೆ ತೆಳ್ಳನೆ ದಾರ. ಅಥವಾ ಹೆದೆಗೆ ಒಪ್ಪೋ ಅಳತೆಯ ಹೊಸ ನಾಕ್ ಹಾಕಿ. ಆಮೇಲೆ ಒಂದಲ್ಲ, ಎಲ್ಲಾ ಬಾಣಗಳನ್ನೂ ಜೋತುಬಿಟ್ಟು ನೋಡಿ. ಬಳಸ್ತಾ ಬಳಸ್ತಾ ನಾಕೂ ಸವೆಯುತ್ತೆ, ದಾರವೂ ಸವೆಯುತ್ತೆ, ಹಾಗಾಗಿ ಆಗಾಗ ನೋಡ್ತಿರಬೇಕು. ನಾನು ಹೊಸದಾಗಿ ದಾರ ಸುತ್ತೋಕೆ ತಗೊಂಡಿದ್ದು ಅರ್ಧ ಗಂಟೆ.

"ಅರ್ಜುನನಿಗೆ ಹಕ್ಕಿ ಕಣ್ಣು ಮಾತ್ರ ಕಂಡಿತ್ತು, ಏಕಾಗ್ರತೆ ಮುಖ್ಯ" ಅಂತ ನನಗೂ ಪಾಠ ಆಯ್ತು. ಸರಿ ಸ್ವಾಮಿ. ಆದ್ರೆ ಬಿದಿರಿನ ಬಾಣ ಕೈಯಲ್ಲೇ ಮಾಡೋನು ತನ್ನ ಹೆದೆಯ ದಪ್ಪ ನೋಡಿಯೇ ಕಚ್ಚು ಕೊರೀತಾನೆ. ರೆಡಿಮೇಡ್ ಕೊಳ್ಳೋ ನಮಗೆ ಆ ಅಳತೆ ತಾನಾಗಿ ಬರಲ್ಲ, ನಾವೇ ನೋಡಬೇಕು. ಹನ್ನೆರಡು-ಹದಿಮೂರು ವರ್ಷದ ಮಕ್ಕಳಿಗೆ ಅದು ಗೊತ್ತಿರಲ್ಲ. ಗೊತ್ತಿರಬೇಕಾದವರು ಅಂಗಡಿಯವರು, ಕಲಿಸೋರು, ದುಡ್ಡು ಕೊಡೋ ನಾವು. ನಾವು ಮೂರೂ ಜನ ತಪ್ಪು ಮಾಡಿ ಹುಡುಗನ ಬೆರಳಿಗೆ ಬೈದ್ವಿ. ಏಕಲವ್ಯನ ಕಾಲದಿಂದ ಬೆರಳೇ ಅಗ್ಗ ನೋಡಿ...

ಮಕ್ಕಳ ಕೈಗೆ ಬಿಲ್ಲು ಕೊಡೋ ಮೊದಲ ದಿನವೇ ಈ ಟೆಸ್ಟ್ ಕಲಿಸಲಿ. ಕಲಿಸದ ಕಡೆ ಫೀಸ್ ಕಟ್ಟಬೇಡಿ.

ಹೊಸ ಲಿಂಬ್ ತರಿಸಿದ್ದೀನಿ. ಹೆದೆಗೆ ಬಾಣ ಜೋತುಬಿಟ್ಟು, ತಟ್ಟಿ, ಅವನಿಗೆ ತೋರಿಸಿದೆ. ನೋಡಿದ. "ನೋಡೂಣ ಮಾಮಾ" ಅಂದು ಕ್ರಿಕೆಟ್ ಬ್ಯಾಟ್ ತಗೊಂಡು ಹೊರಗೆ ಹೋದ.