ಟಾಸ್‌ಗಿಂತ ಮುಂಚಿನ ಆ ಅರ್ಧ ಗಂಟೆ

ಮ್ಯಾಚ್‌ಗೆ ಮುಂಚೆ ಬರೋ ಶೋ ಈಗ ಯಾರು ನೋಡ್ತಾರೆ ಹೇಳಿ? ಟಾಸ್ ಯಾರು ಗೆದ್ದರು ಅನ್ನೋದು ನೋಟಿಫಿಕೇಶನ್‌ನಲ್ಲೇ ಬರುತ್ತೆ. ಆದರೆ 2003ರ ವಿಶ್ವಕಪ್ ನೋಡಿದ ನಮ್ಮಂಥವರಿಗೆ ಮ್ಯಾಚ್ ಶುರುವಾಗ್ತಿದ್ದದ್ದೇ ಸೆಟ್ ಮ್ಯಾಕ್ಸ್‌ನ ‘ಎಕ್ಸ್‌ಟ್ರಾ ಇನಿಂಗ್ಸ್’ನಿಂದ. ಚಾರು ಶರ್ಮಾ, ಮಂದಿರಾ ಬೇಡಿ, ಜೊತೆಗೆ ಮಾಜಿ ಆಟಗಾರರು.

ನಮ್ಮೂರು ಚೀಕಲಪರ್ವಿ. ಮಾನ್ವಿ ಕಡೆ, ತುಂಗಭದ್ರೆ ದಂಡೆ ಮೇಲಿದೆ. ವಿಜಯದಾಸರ ಊರು ಅಂದರೆ ಬೇಗ ಗೊತ್ತಾಗುತ್ತೆ. ಮನೆಯ ಆಂಟೆನಾಕ್ಕೆ ದೂರದರ್ಶನ ಮಾತ್ರ ಬರ್ತಿತ್ತು. ಕೇಬಲ್ ಇದ್ದದ್ದು ರಾಯಚೂರಿನ ಕಾಕಾನ ಮನೆಯಲ್ಲಿ. ಮಾರ್ಚ್ 1ರ ಪಾಕಿಸ್ತಾನದ ಮ್ಯಾಚ್‌ಗೆ ನಾವೆಲ್ಲ ಅಲ್ಲಿದ್ದೆವು. ಅವತ್ತು ಶಿವರಾತ್ರಿ, ಉಪವಾಸ. ಅಡುಗೆಮನೆ ಕೆಲಸ ಕಡಿಮೆ. ದಕ್ಷಿಣ ಆಫ್ರಿಕಾದ ಬೆಳಿಗ್ಗೆ ಹತ್ತು ಅಂದರೆ ನಮ್ಮ ಮಧ್ಯಾಹ್ನ ಒಂದೂವರೆ. ಚಿಗವ್ವನೂ ಬಂದು ಟಿವಿ ಮುಂದೆ ಕೂತಳು.

“ಈಕಿಗೇನ್ ಗೊತ್ತು ಕ್ರಿಕೆಟ್?” ಅಂದ ಕಾಕಾ, ಮಂದಿರಾನ ನೋಡಿ.

“ಸುಮ್ನಿರ್ರಿ. ಆಕಿ ಕೇಳೋದು ನನಗೂ ಬೇಕಾಗ್ಯಾದ. ನಿಮ್ಮನ್ನ ಕೇಳಿದ್ರ ಒಮ್ಮೆರ ಹೇಳೀರೇನು?” ಅಂದಳು ಚಿಗವ್ವ.

ಸಚಿನ್ 75 ಎಸೆತಕ್ಕೆ 98 ಹೊಡೆದದ್ದು ಎಲ್ಲರಿಗೂ ನೆನಪಿದೆ. ನನಗೆ ಈ ಮಾತೂ ನೆನಪಿದೆ.

ಮಂದಿರಾ ಆಟಗಾರ್ತಿ ಅಲ್ಲ, ‘ಶಾಂತಿ’ ಸೀರಿಯಲ್‌ನ ನಟಿ. ಕ್ರಿಕೆಟ್ ಗೊತ್ತಿಲ್ಲದವರ ಪರವಾಗಿ ಕೇಳೋದೇ ಅವರ ಕೆಲಸ. ಆದರೆ ಜನ ಚರ್ಚೆ ಮಾಡಿದ್ದು ಅವರ ಬ್ಲೌಸ್ ಬಗ್ಗೆ. ತಾನು ಕೇಳಿದ ಪ್ರಶ್ನೆಗೆ ಎಕ್ಸ್‌ಪರ್ಟ್‌ಗಳು ಸರಿಯಾಗಿ ಉತ್ತರವನ್ನೇ ಕೊಡ್ತಿರಲಿಲ್ಲ, ಮೊದಮೊದಲು ಅತ್ತಿದ್ದೆ ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ 1975ರಲ್ಲಿ ಸಿಬಿಎಸ್ ಚಾನೆಲ್‌ನ ‘ದಿ ಎನ್‌ಎಫ್‌ಎಲ್ ಟುಡೇ’ ಫುಟ್‌ಬಾಲ್ ಶೋಗೆ ಫಿಲಿಸ್ ಜಾರ್ಜ್ ಬಂದಾಗಲೂ ಅನುಮಾನ ಇದೇ: ಮಿಸ್ ಅಮೆರಿಕ ಆಗಿದ್ದವಳಿಗೆ ಫುಟ್‌ಬಾಲ್ ಏನು ಗೊತ್ತು? ಅವರು ಆಟಗಾರರ ಮನೆ, ಬದುಕು, ಭಯದ ಬಗ್ಗೆ ಕೇಳಿದರು. ಅಂಥ ಸಂದರ್ಶನ ಇಲ್ಲದ ಶೋ ಈಗ ಇದೆಯಾ?

ಆಟ ಗೊತ್ತಿದ್ದ ಹೆಣ್ಣುಮಕ್ಕಳೂ ಮೊದಲಿಂದ ಇದ್ದರು. ಭಾರತದ ಮೊದಲ ಟೆಸ್ಟ್ ಕ್ಯಾಪ್ಟನ್ ಸಿ.ಕೆ. ನಾಯುಡು ಅವರ ಮಗಳು ಚಂದ್ರಾ ನಾಯುಡು 1970ರ ದಶಕದಲ್ಲೇ ಇಂದೋರ್‌ನಲ್ಲಿ ಕಾಮೆಂಟರಿ ಹೇಳಿದವರು. ಈಗ ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ಇದ್ದಾರೆ. 2017ರ ಲಾರ್ಡ್ಸ್ ಫೈನಲ್‌ನಲ್ಲಿ 35 ರನ್ ಹೊಡೆದವರು, ಆಮೇಲೆ ಐಪಿಎಲ್‌ಗೆ ಕನ್ನಡದಲ್ಲಿ ಕಾಮೆಂಟರಿ ಕೊಟ್ಟರು. ಅವರಿಗೆ ‘ಏನ್ ಗೊತ್ತು’ ಅನ್ನೋ ಧೈರ್ಯ ಯಾರಿಗಿದೆ?

ಆಡಿದವರ ಕೈಗೆ ಮೈಕ್ ಬಂದದ್ದು ಖುಷಿ. ಆದರೆ ಆಡದವರು, ಗೊತ್ತಿಲ್ಲದವರು ಕೇಳೋದಕ್ಕೂ ಒಂದು ಕುರ್ಚಿ ಬೇಕಲ್ವಾ? ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಅಷ್ಟೇ. ಹೊಸದಾಗಿ ಸೇರಿದ ಹುಡುಗಿ ಮೀಟಿಂಗ್‌ನಲ್ಲಿ “ಇದು ಯಾಕೆ ಹೀಗಿದೆ?” ಅಂದರೆ ನಾಲ್ಕು ಜನ ನಗ್ತಾರೆ. ಎಷ್ಟೋ ಸಲ ಬಗ್ ಇರೋದು ಅಲ್ಲೇ.

ಮುಂದಿನ ಮ್ಯಾಚ್ ದಿನ ಮನೆಯಲ್ಲಿ ಯಾರಾದರೂ “ಎಲ್‌ಬಿಡಬ್ಲ್ಯೂ ಅಂದ್ರ ಏನು?” ಅಂತ ಕೇಳಿದರೆ, ಫೋನ್ ಕೆಳಗಿಟ್ಟು ಪೂರ್ತಿ ಹೇಳಿ. ಒಂದು ಓವರ್ ಮಿಸ್ ಆದರೆ ರಿಪ್ಲೇ ಸಿಗುತ್ತೆ. ಅವರು ಇನ್ನೊಮ್ಮೆ ಕೇಳ್ತಾರೆ ಅನ್ನೋ ಗ್ಯಾರಂಟಿ ಇಲ್ಲ.