ಗಿಡ ಒಂದು, ಕಟ್ಟಳೆ ಹಲವು

ನವಲಗುಂದ ತಾಲೂಕಿನ ಯಮನೂರಿನಲ್ಲಿ, ಚರ್ಮವ್ಯಾಧಿ ವಾಸಿಯಾಗಲೆಂದು ಜಾತ್ರೆಯ ಜನ ಬೆಣ್ಣೆಹಳ್ಳದಲ್ಲಿ ಮೀಯುವರು. ಅದು ಅವರ ನಂಬಿಕೆ. ಕಾಯಿದೆಗೆ ಅಲ್ಲಿ ಕೆಲಸವಿಲ್ಲ. ಆದರೆ ಅಜ್ಜನ ಕೀಲುನೋವಿಗೆಂದು ಯಾರೋ ಕೊಟ್ಟ ಗಾಂಜಾ ಪೊಟ್ಟಣವನ್ನು ಮನೆಗೆ ತಂದರೆ ಮಾತೇ ಬೇರೆ. ಅದು ಒಂದು ಕಿಲೋಗ್ರಾಂ ಒಳಗಿದ್ದರೂ ಒಂದು ವರ್ಷದವರೆಗೆ ಕಠಿಣ ಸಜೆ, 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನೋವಿಗೆಂದು ತಂದೆವೆಂಬ ಮಾತೊಂದೇ ರಕ್ಷಣೆಯಾಗದು.

1985ರ ಮಾದಕವಸ್ತು ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ-ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರಿಯ ಎಲೆ, ಬೀಜಗಳು ಅದರಲ್ಲಿ ಸೇರವು. 2022ರಲ್ಲಿ ಕರ್ನಾಟಕ ಹೈಕೋರ್ಟು ಜಾಮೀನಿನ ಪ್ರಕರಣವೊಂದರಲ್ಲಿ ಭಂಗಿಯನ್ನು ಈ ಕಾಯಿದೆಯಿಂದ ಹೊರಗಿರಿಸಿತು. ಹಾಗೆಂದು ಹಿಗ್ಗಬೇಡಿ, ರಾಜ್ಯದ 1965ರ ಅಬಕಾರಿ ಕಾಯಿದೆ ಎಲೆಯನ್ನೂ ಬಿಟ್ಟಿಲ್ಲ.

ಆಯುರ್ವೇದದಲ್ಲಿ ಇದೇ ಗಿಡಕ್ಕೆ ವಿಜಯಾ ಎಂದು ಹೆಸರು. ಔಷಧ ನಿಯಮಗಳು ಭಂಗಿಯನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟು, ವೈದ್ಯರ ನಿಗಾದಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಔಷಧದ ಚೀಟಿಯ ಮೇಲೆ ಕಡ್ಡಾಯ ಮಾಡಿವೆ. ಆದುದರಿಂದ ವೈದ್ಯರು ಬರೆದುಕೊಟ್ಟರೆ ಪರವಾನಗಿಯುಳ್ಳ ತಯಾರಕರ ಔಷಧವನ್ನೇ ಕೊಳ್ಳಿರಿ; ರಸೀದಿಯನ್ನು ಎಸೆಯಬೇಡಿ. ಅಮೆರಿಕದ ಹಲವು ಸಂಸ್ಥಾನಗಳಲ್ಲಿ ಗಾಂಜಾ ರೋಗಿಗೆ ಗುರುತುಚೀಟಿ ಕೊಡುವರು. ಅದು ಇಲ್ಲಿ ನಡೆಯದು. ಅಲ್ಲಿಂದ ಬರುವ ಮಗ ಗಾಂಜಾ ಔಷಧ ತರುವೆನೆಂದರೆ, ವಿಮಾನ ಹತ್ತುವ ಮೊದಲೇ ಬೇಡವೆಂದು ತಿಳಿಸಿಬಿಡಿ.